ಮಲಗುವ ಕೋಣೆಯ ಅಲಂಕಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಒಳಾಂಗಣದ ಬಗ್ಗೆ ಮಾತಿಗೆ ಕೂತರೆ ಸಾಕು, ಸುತ್ತಿ ಬಳಸಿ ಇವೇ ಪ್ರಶ್ನೆಗಳು ಬರುತ್ತವೆ. ಪತ್ರಗಳಲ್ಲೂ ಇವೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಮಲಗುವ ಕೋಣೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಬಂದವರ ಕಣ್ಣಿಗೆ ಬೀಳುವುದಿಲ್ಲ ಅಂತ ಎಲ್ಲರೂ ಕೊನೆಗೆ ಬಿಡುವುದು ಅದನ್ನೇ. ಆದರೆ ದಿನದ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ನಾವು ಕಳೆಯುವುದು ಅಲ್ಲೇ ಅಲ್ವಾ?

## ಶುರು ಮಾಡುವ ಮುಂಚೆ

ಎಲ್ಲಿಂದ ಶುರು ಮಾಡೋದು? ಅಂಗಡಿಯಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತೆ, ಮನೆಗೆ ತಂದ್ರೆ ಹೊಂದೋದೇ ಇಲ್ಲ.

ನಿಮ್ಮ ಹಾಸಿಗೆಯಿಂದ ಶುರು ಮಾಡಿ. ಒಂದು ಸಂಜೆ ದಿಂಬಿಗೆ ತಲೆ ಕೊಟ್ಟು ಹತ್ತು ನಿಮಿಷ ಸುಮ್ನೆ ಮಲಗಿ. ಕಣ್ಣಿಗೆ ಏನೇನು ಬೀಳುತ್ತದೆ ನೋಡಿ. ಬೀರುವಿನ ಮೇಲೆ ಹೇರಿದ ಸೂಟ್‌ಕೇಸ್, ಗೋಡೆಯಲ್ಲಿ ಜೋತಾಡುವ ವೈರು, ನೇರ ಕಣ್ಣಿಗೇ ಹೊಡೆಯುವ ಬಲ್ಬು. ಮಾರನೇ ದಿನ ಬೆಳಿಗ್ಗೆ ಎದ್ದ ತಕ್ಷಣ ಇನ್ನೊಮ್ಮೆ ನೋಡಿ. ಕೋಣೆ ಚೆಂದ ಇದೆಯಾ ಎಂದು ನಾವು ಬಾಗಿಲಲ್ಲಿ ನಿಂತು ತೀರ್ಮಾನ ಮಾಡುತ್ತೇವೆ, ಆದರೆ ದಿನಾ ಅದನ್ನು ನೋಡುವುದು ಮಲಗಿಕೊಂಡು. ಕಿರಿಕಿರಿ ಮಾಡುವ ಮೂರು ವಿಷಯ ಬರೆದುಕೊಳ್ಳಿ. ಮೊದಲ ಖರ್ಚು ಅವುಗಳಿಗೇ ಹೋಗಲಿ.

ಆಮೇಲೆ ಟೇಪ್ ಹಿಡಿಯಿರಿ. ಕೋಣೆಯ ಉದ್ದ, ಅಗಲ, ಕಿಟಕಿಯ ಎತ್ತರ, ಬಾಗಿಲು ಎಲ್ಲಿವರೆಗೆ ತೆರೆಯುತ್ತದೆ, ಪ್ಲಗ್ ಪಾಯಿಂಟ್ ಎಲ್ಲಿವೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಜೊತೆಗೇ ಇಟ್ಟುಕೊಳ್ಳಿ. ಅಂಗಡಿಯ ದೊಡ್ಡ ಹಾಲ್‌ನಲ್ಲಿ, ಎತ್ತರದ ಸೀಲಿಂಗ್ ಕೆಳಗೆ ಎಲ್ಲ ಸಾಮಾನೂ ಚಿಕ್ಕದಾಗಿಯೇ ಕಾಣುತ್ತದೆ. ಕೊಳ್ಳುವ ಮುಂಚೆ ಅದರ ಅಳತೆಗೆ ಹಳೇ ಪೇಪರ್ ಕತ್ತರಿಸಿ ನೆಲದ ಮೇಲೆ ಹಾಸಿ. ಎರಡು ದಿನ ಅದರ ಸುತ್ತ ಓಡಾಡಿ. ಕಾಲು ಪೇಪರ್ ತುಳಿಯುತ್ತಿದ್ದರೆ ಆ ಸಾಮಾನು ಆ ಕೋಣೆಗೆ ದೊಡ್ಡದಾಯಿತು.

ಬಜೆಟ್ ತುಂಬಾ ಕಮ್ಮಿ ಇದೆ. ಒಂದೇ ಒಂದು ಬದಲಾವಣೆ ಮಾಡಬಹುದು ಅಂದ್ರೆ ಯಾವುದು?

ಬಲ್ಬು. ಬೇರೆ ಯೋಚನೆಯೇ ಬೇಡ. ಮಂಚದ ಪಕ್ಕ ಬೆಚ್ಚನೆ ಬೆಳಕಿನ ಒಂದು ದೀಪ ಇಟ್ಟು, ರಾತ್ರಿ ಮೇಲಿನ ದೊಡ್ಡ ಲೈಟ್ ಆರಿಸಿ ಕೂತು ನೋಡಿ. ಅದೇ ಗೋಡೆ, ಅದೇ ಬೆಡ್‌ಶೀಟ್ ಬೇರೆಯೇ ಕಾಣುತ್ತವೆ.

ಫೋಟೋದಲ್ಲಿ ಇರೋ ಥರಾನೇ ನಮ್ಮ ರೂಮೂ ಆಗುತ್ತಾ?

ಹಾಗೇ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆ ಫೋಟೋ ತೆಗೆಯುವಾಗ ಚಾರ್ಜರ್, ನೀರಿನ ಬಾಟಲಿ, ಮಾತ್ರೆ ಡಬ್ಬಿ ಎಲ್ಲವನ್ನೂ ಪಕ್ಕಕ್ಕೆ ಎತ್ತಿಟ್ಟಿರುತ್ತಾರೆ. ಫೋಟೋದಲ್ಲಿ ನಿಮಗೆ ಇಷ್ಟವಾಗಿದ್ದು ಏನು ಎಂದು ಒಂದೇ ಮಾತಿನಲ್ಲಿ ಹೇಳಿ ನೋಡಿ. ಬಹಳ ಸಲ ಅದು ಸಾಮಾನು ಆಗಿರುವುದಿಲ್ಲ. ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಕೋ, ಖಾಲಿ ಬಿಟ್ಟ ಗೋಡೆಯೋ ಆಗಿರುತ್ತದೆ. ಅಷ್ಟನ್ನು ಮಾತ್ರ ತೆಗೆದುಕೊಳ್ಳಿ.

## ಮಂಚ, ಬೀರು, ಜಾಗ

ಮಂಚ ಎಲ್ಲಿ ಹಾಕಿದ್ರೆ ಸರಿ?

ತಲೆಯ ಹಿಂದೆ ಗಟ್ಟಿ ಗೋಡೆ ಇರಲಿ. ಮಲಗಿದಲ್ಲಿಂದ ಬಾಗಿಲು ಕಾಣಲಿ. ಬಾಗಿಲು ತೆರೆದವರ ಕಣ್ಣು ನೇರ ನಿಮ್ಮ ಮುಖದ ಮೇಲೆ ಬೀಳದಿದ್ದರೆ ಇನ್ನೂ ನೆಮ್ಮದಿ. ಇಬ್ಬರು ಮಲಗುವ ಮಂಚವಾದರೆ ಎರಡೂ ಕಡೆ ಇಳಿಯಲು ಕನಿಷ್ಠ 60 ಸೆಂ.ಮೀ. ಜಾಗ ಬಿಡಿ, 75 ಇದ್ದರೆ ಆರಾಮ. ಬೀರುವಿನ ಮುಂದೆ ಬಾಗಿಲು ತೆರೆದು ನಿಲ್ಲಲು 90 ಸೆಂ.ಮೀ. ಬೇಕು. ಅಷ್ಟಿಲ್ಲದಿದ್ದರೆ ಜಾರುವ ಬಾಗಿಲಿನ ಬೀರು ನೋಡಿ. ಕಿಟಕಿಯ ಕೆಳಗೆ ತಲೆ ಇಡಲೇಬೇಕಾದರೆ ಮಂಚದ ತಲೆ ಕಡೆಗೆ ನಿಲ್ಲುವ ಎತ್ತರದ ಹೆಡ್‌ಬೋರ್ಡ್ ಮತ್ತು ದಪ್ಪ ಪರದೆ ಹಾಕಿ. ಗಾಳಿಯನ್ನೂ ಬೆಳಗಿನ ಬಿಸಿಲನ್ನೂ ಅವು ತಡೆಯುತ್ತವೆ.

ನಮ್ಮದು ಪುಟ್ಟ ರೂಮು. ದೊಡ್ಡದಾಗಿ ಕಾಣೋ ಹಾಗೆ ಏನಾದ್ರೂ ಮಾಡಬಹುದಾ?

ನೆಲ ಜಾಸ್ತಿ ಕಂಡಷ್ಟೂ ಕೋಣೆ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಕಾಲಿರುವ ಮಂಚ, ಗೋಡೆಗೆ ಕೂರಿಸಿದ ಪುಟ್ಟ ಶೆಲ್ಫ್, ಗೋಡೆ ದೀಪ ಇವೆಲ್ಲ ಚಿಕ್ಕ ಕೋಣೆಗೆ ಒಳ್ಳೆಯದು. ಡ್ರಾಯರ್ ಇರುವ ಮಂಚ ಬೇಕೇ ಬೇಕು ಎನ್ನುವವರಿಗೆ ಬೇಡ ಎನ್ನುವುದಿಲ್ಲ. ಆದರೆ ಅದರ ಬಣ್ಣ ನೆಲದ ಬಣ್ಣಕ್ಕೆ ಹತ್ತಿರ ಇರಲಿ, ಆಗ ಅಷ್ಟು ಭಾರ ಎನಿಸುವುದಿಲ್ಲ.

ಚಿಕ್ಕ ಕೋಣೆಗೆ ಚಿಕ್ಕ ಚಿಕ್ಕ ಸಾಮಾನು ತುಂಬುವುದು ಎಲ್ಲರೂ ಮಾಡುವ ತಪ್ಪು. ಆರು ಪುಟ್ಟ ಸಾಮಾನು ಕೋಣೆಯನ್ನು ಗಿಜಿಗಿಜಿ ಮಾಡುತ್ತವೆ. ಎರಡು ದೊಡ್ಡ ಸಾಮಾನು ಹಾಗೆ ಮಾಡುವುದಿಲ್ಲ. ಇನ್ನು ಕನ್ನಡಿ. ಎದುರಿಗೆ ಇರುವುದನ್ನೇ ಅದು ಇಮ್ಮಡಿ ಮಾಡುತ್ತದೆ. ಕಿಟಕಿ ಎದುರಿಗಿದ್ದರೆ ಬೆಳಕು, ಬಟ್ಟೆ ರಾಶಿ ಎದುರಿಗಿದ್ದರೆ ಎರಡು ರಾಶಿ. ಮೊಳೆ ಹೊಡೆಯುವ ಮುಂಚೆ ಒಬ್ಬರು ಕನ್ನಡಿ ಹಿಡಿದು ನಿಲ್ಲಲಿ, ಇನ್ನೊಬ್ಬರು ಮಂಚದ ಮೇಲೆ ಕೂತು ನೋಡಲಿ.

ಎಷ್ಟು ಜೋಡಿಸಿದ್ರೂ ಕುರ್ಚಿ ಮೇಲೆ ಬಟ್ಟೆ ಗುಡ್ಡೆ ಬಿದ್ದೇ ಇರುತ್ತೆ. ಏನ್ ಮಾಡ್ಲಿ?

ಆ ಗುಡ್ಡೆ ಯಾವ ಬಟ್ಟೆ ಎಂದು ನೋಡಿದ್ದೀರಾ? ಕೊಳೆಯಾಗಿದ್ದರೆ ಒಗೆಯಲು ಹಾಕುತ್ತಿದ್ದಿರಿ. ಶುಭ್ರವಾಗಿದ್ದರೆ ಬೀರುವಿಗೆ ಹೋಗುತ್ತಿತ್ತು. ಇದು ಒಂದು ಸಲ ತೊಟ್ಟು ಇನ್ನೊಮ್ಮೆ ತೊಡಬಹುದಾದ ಬಟ್ಟೆ. ಇದಕ್ಕೆ ಮನೆಯಲ್ಲಿ ಜಾಗವೇ ಇಲ್ಲ, ಹಾಗಾಗಿ ಕುರ್ಚಿಗೆ ಬಂದು ಬೀಳುತ್ತದೆ. ಬಾಗಿಲ ಹಿಂದೆ ನಾಲ್ಕೈದು ಗಟ್ಟಿ ಕೊಕ್ಕೆ ಹಾಕಿ, ಅದನ್ನೇ ಅವುಗಳ ಜಾಗ ಮಾಡಿ. ಕೊಕ್ಕೆ ತುಂಬಿತು ಎಂದರೆ ಒಗೆಯುವ ದಿನ ಬಂತು ಎಂದರ್ಥ. ಶಿಸ್ತಿಲ್ಲ ಎಂದು ಮನೆಯವರನ್ನು ಬೈಯುವ ಬದಲು ಹೀಗೆ ವಸ್ತುವಿಗೊಂದು ಜಾಗ ಮಾಡಿಕೊಡುವುದನ್ನೇ ನಾನು ಯಾವಾಗಲೂ ಹೇಳುವುದು.

ಬೀರು ಹಿಂದೆ ಗೋಡೆಗೆ ಬೂಷ್ಟು ಬರುತ್ತೆ. ಬಣ್ಣ ಹಚ್ಚಿದ್ರೂ ಮತ್ತೆ ಬರುತ್ತೆ.

ಮೊದಲು ನೀರು ಸೋರುತ್ತಿದೆಯೇ ನೋಡಿ. ಹೊರಗೋಡೆಯಲ್ಲಿ ಬಿರುಕು, ಪಕ್ಕದಲ್ಲಿ ಬಚ್ಚಲಿನ ಪೈಪು ಇದ್ದರೆ ಅದನ್ನು ಸರಿ ಮಾಡದೆ ಬಣ್ಣ ಬಳಿದು ಪ್ರಯೋಜನವಿಲ್ಲ. ಸೋರಿಕೆ ಇಲ್ಲದಿದ್ದರೆ ಇದು ಗಾಳಿ ಆಡದ ತೊಂದರೆ. ಕೋಣೆಯ ತೇವದ ಗಾಳಿ ತಣ್ಣಗಿನ ಹೊರಗೋಡೆಗೆ ತಾಗಿ ಪಸೆ ಕಟ್ಟುತ್ತದೆ. ಬೀರು ಗೋಡೆಗೆ ಅಂಟಿಕೊಂಡಿದ್ದರೆ ಆ ಪಸೆ ಆರುವುದೇ ಇಲ್ಲ. ಬೀರುವನ್ನು ಗೋಡೆಯಿಂದ 5 ಸೆಂ.ಮೀ. ಮುಂದಕ್ಕೆ ಸರಿಸಿ. ಸಾಧ್ಯವಾದರೆ ಒಳಗೋಡೆಗೆ ಬದಲಿಸಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕಬೇಡಿ.

ಮಕ್ಕಳ ರೂಮಿಗೆ ಡ್ರಾಯರ್ ಇರೋ ಕಪಾಟು ತಂದಿದೀವಿ. ಏನಾದ್ರೂ ನೋಡ್ಕೋಬೇಕಾ?

ಖಂಡಿತ. ಇದನ್ನು ಮುಂದೂಡಬೇಡಿ. ಮಕ್ಕಳು ಡ್ರಾಯರ್‌ಗಳನ್ನು ಒಂದೊಂದಾಗಿ ಎಳೆದು ಮೆಟ್ಟಿಲಿನ ಹಾಗೆ ಹತ್ತುತ್ತಾರೆ. ಆಗ ಭಾರವೆಲ್ಲ ಮುಂದಕ್ಕೆ ಬಂದು ಇಡೀ ಕಪಾಟು ಮಗುವಿನ ಮೇಲೆ ಮಗುಚುತ್ತದೆ. ಎತ್ತರದ ಪ್ರತಿ ಕಪಾಟು, ಪುಸ್ತಕದ ಶೆಲ್ಫ್, ಟಿವಿ ಎಲ್ಲವನ್ನೂ ಬ್ರಾಕೆಟ್ ಹಾಕಿ ಗೋಡೆಗೆ ಸ್ಕ್ರೂ ಮಾಡಿ. ಭಾರದ ಸಾಮಾನು ಕೆಳಗಿನ ಡ್ರಾಯರ್‌ನಲ್ಲಿರಲಿ. ಮಗುವಿಗೆ ಆಸೆ ಹುಟ್ಟಿಸುವ ಆಟಿಕೆ ಮೇಲೆ ಇಡಬೇಡಿ. ಪರದೆಯ ಎಳೆಯುವ ದಾರ ಮಗುವಿನ ಕೈಗೆ, ಕುತ್ತಿಗೆಗೆ ಸಿಗದ ಹಾಗೆ ಮೇಲೆ ಕಟ್ಟಿ.

## ಬಣ್ಣ

ನಿದ್ದೆ ಚೆನ್ನಾಗಿ ಬರೋಕೆ ಯಾವ ಬಣ್ಣ ಹಚ್ಚಬೇಕು?

ನೀಲಿ ಹಚ್ಚಿದರೆ ನಿದ್ದೆ, ಕೆಂಪು ಹಚ್ಚಿದರೆ ಸಿಟ್ಟು ಎಂಬ ಲೆಕ್ಕವನ್ನು ನಾನು ನಂಬುವುದಿಲ್ಲ. ದೀಪ ಆರಿಸಿದ ಮೇಲೆ ಎಲ್ಲ ಗೋಡೆಯೂ ಕಪ್ಪೇ. ಬಣ್ಣದ ಹೆಸರಿಗಿಂತ ಅದರ ಗಾಢತೆ ಮುಖ್ಯ. ಸ್ವಲ್ಪ ಬೂದು ಅಥವಾ ಮಣ್ಣಿನ ಛಾಯೆ ಬೆರೆತ ಬಣ್ಣಗಳು ಕಣ್ಣಿಗೆ ಹಿತ. ಪಿಸ್ತಾ ಹಸಿರು ಬೇಕಿದ್ದರೆ ಅದರಲ್ಲೇ ಒಂಚೂರು ಮಾಸಲು ಛಾಯೆ ಹುಡುಕಿ. ಮಿಂಚುವ ಬಣ್ಣವೇ ಬೇಕೆಂದರೆ ಹೊದಿಕೆಗೋ ದಿಂಬಿನ ಕವರಿಗೋ ಇರಲಿ, ಬೇಸರ ಬಂದಾಗ ಬದಲಿಸಬಹುದು. 60-30-10 ಎಂಬ ಹಳೇ ಲೆಕ್ಕ ಶುರುವಿಗೆ ಸಹಾಯ ಮಾಡುತ್ತದೆ: ಗೋಡೆ ಮತ್ತು ದೊಡ್ಡ ಸಾಮಾನಿಗೆ ಒಂದು ಬಣ್ಣ 60 ಪಾಲು, ಪರದೆ ಹೊದಿಕೆಗೆ ಇನ್ನೊಂದು 30, ಚಿಕ್ಕಪುಟ್ಟದಕ್ಕೆ ಎದ್ದು ಕಾಣುವ ಬಣ್ಣ 10.

ಕಾರ್ಡಿನಲ್ಲಿ ನೋಡಿದ ಬಣ್ಣವೇ ಬೇರೆ, ಗೋಡೆ ಮೇಲೆ ಬಂದಿದ್ದೇ ಬೇರೆ. ಯಾಕೆ ಹೀಗೆ?

ನನಗೂ ಆಗಿದೆ. ಒಮ್ಮೆ ನನ್ನ ಕೋಣೆಗೆ ತಿಳಿ ಬೂದು ಆರಿಸಿದ್ದೆ. ಹಗಲು ನೋಡಲು ಬಹಳ ಚೆನ್ನಾಗಿತ್ತು. ರಾತ್ರಿ ಲೈಟ್ ಹಾಕಿದರೆ ಗೋಡೆಯೆಲ್ಲ ನೇರಳೆ. ಎರಡು ದಿನದ ಕೆಲಸ ಪೂರ್ತಿ ಮತ್ತೆ ಮಾಡಿಸಬೇಕಾಯಿತು.

ಬೂದು, ಕೆನೆ, ಬಿಳಿ ಇವುಗಳ ಒಳಗೆ ಯಾವಾಗಲೂ ಇನ್ನೊಂದು ಬಣ್ಣ ಅಡಗಿರುತ್ತದೆ. ಬೆಳಕು ಬದಲಾದರೆ ಅದು ಹೊರಗೆ ಬರುತ್ತದೆ. ನಾಲ್ಕು ಗೋಡೆಯೂ ಒಂದಕ್ಕೊಂದು ಬಣ್ಣ ಎರಚುವುದರಿಂದ ಕಾರ್ಡಿಗಿಂತ ಗೋಡೆ ಗಾಢವಾಗಿಯೂ ಕಾಣುತ್ತದೆ. ಅದಕ್ಕೇ ಸ್ಯಾಂಪಲ್ ಡಬ್ಬಿ ತಂದು ದೊಡ್ಡ ಬಿಳಿ ರಟ್ಟಿಗೆ ಎರಡು ಕೋಟ್ ಹಚ್ಚಿ. ಸುತ್ತ ಎರಡು ಬೆರಳಷ್ಟು ಬಿಳಿ ಅಂಚು ಬಿಡಿ, ಹಳೇ ಗೋಡೆಯ ಬಣ್ಣ ಕಣ್ಣಿಗೆ ಮೋಸ ಮಾಡುವುದಿಲ್ಲ. ರಟ್ಟನ್ನು ಒಂದು ದಿನ ಕಿಟಕಿಯ ಪಕ್ಕ, ಇನ್ನೊಂದು ದಿನ ಕತ್ತಲ ಮೂಲೆಯಲ್ಲಿ ನಿಲ್ಲಿಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ. ರಾತ್ರಿ ನೋಡುವ ಮುಂಚೆ ಬಲ್ಬು ಬದಲಿಸಿರಬೇಕು. ಬಲ್ಬು ಆಮೇಲೆ ಬದಲಿಸಿದರೆ ಬಣ್ಣವೂ ಬದಲಾದ ಹಾಗೇ.

ಚಿಕ್ಕ ರೂಮಿಗೆ ಕಡು ಬಣ್ಣ ಹಚ್ಚಲೇಬಾರದಾ?

ಹಚ್ಚಬಹುದು. ಕಡು ಬಣ್ಣದಲ್ಲಿ ಮೂಲೆಗಳು ಮಸುಕಾಗಿ ಗೋಡೆ ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಮಲಗುವ ಕೋಣೆಗೆ ಅದು ಗೂಡಿನಂಥ ಭಾವನೆ ಕೊಡುತ್ತದೆ. ಅರ್ಧಂಬರ್ಧ ಮಾಡಿದರೆ ಕೆಡುತ್ತದೆ. ಒಂದು ಗೋಡೆ ಮಾತ್ರ ಕಡು ಮಾಡುವುದಾದರೆ ತಲೆಯ ಹಿಂದಿನದನ್ನು ಮಾಡಿ, ಇಲ್ಲವೇ ನಾಲ್ಕಕ್ಕೂ ಹಚ್ಚಿ. ಬಣ್ಣದ ಕಾರ್ಡಿನ ಹಿಂದೆ ಎಲ್‌ಆರ್‌ವಿ ಎಂಬ ಸಂಖ್ಯೆ ಇದ್ದರೆ ಗಮನಿಸಿ. 0 ಎಂದರೆ ಪೂರ್ತಿ ಕಪ್ಪು, 100 ಎಂದರೆ ಬೆಳಕೆಲ್ಲ ಹಿಂದಿರುಗಿಸುವ ಬಿಳಿ. ಸಂಖ್ಯೆ ಇಳಿದಷ್ಟೂ ದೀಪ ಜಾಸ್ತಿ ಬೇಕು.

ಮ್ಯಾಟ್ ಒಳ್ಳೇದಾ, ಹೊಳಪಿರೋದು ಒಳ್ಳೇದಾ?

ಮಲಗುವ ಕೋಣೆಗೆ ಮ್ಯಾಟ್. ಗೋಡೆಯ ಉಬ್ಬು ತಗ್ಗು ಮುಚ್ಚುತ್ತದೆ. ಕೈ ತಾಗುವ ಬಾಗಿಲು, ಕಿಟಕಿ ಚೌಕಟ್ಟಿಗೆ ಒರೆಸಲು ಬರುವ, ಸ್ವಲ್ಪ ಹೊಳಪಿರುವ ಸ್ಯಾಟಿನ್ ಬಣ್ಣ.

## ಬೆಳಕು

ವಾರ್ಮ್ ವೈಟ್, ಕೂಲ್ ಡೇಲೈಟ್ ಅಂತಾರೆ. ಯಾವುದು ತಗೊಳ್ಳಿ?

ಡಬ್ಬಿಯ ಮೇಲೆ ಕೆಲ್ವಿನ್ ಎಂಬ ಅಳತೆ ಇರುತ್ತದೆ. ಅದು ಕಮ್ಮಿ ಇದ್ದಷ್ಟೂ ಬೆಳಕು ಹಳದಿ, ಬೆಚ್ಚಗೆ; ಜಾಸ್ತಿಯಾದಷ್ಟೂ ನೀಲಿ ಬೆರೆತ ಬಿಳಿ. ಹಳೇ ಫಿಲಮೆಂಟ್ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್. ಡೇಲೈಟ್ ಬಲ್ಬು 6500. ಮಲಗುವ ಕೋಣೆಗೆ 2700ರಿಂದ 3000 ತೆಗೆದುಕೊಳ್ಳಿ. ನಮ್ಮ ಕಣ್ಣಿನಲ್ಲಿ ನೀಲಿ ಬೆಳಕಿಗೆ ಸ್ಪಂದಿಸುವ ಕೆಲವು ಜೀವಕೋಶಗಳಿವೆ. ಇನ್ನೂ ಹಗಲಿದೆ ಎಂದು ಮೆದುಳಿಗೆ ಹೇಳುವುದು ಅವುಗಳ ಕೆಲಸ. ರಾತ್ರಿ ಪ್ರಖರ ಬಿಳಿ ಬೆಳಕಿನಲ್ಲಿ ಕೂತರೆ ನಿದ್ದೆಗೆ ಬೇಕಾದ ಮೆಲಟೋನಿನ್ ಎಂಬ ಹಾರ್ಮೋನ್ ಬರುವುದು ತಡವಾಗುತ್ತದೆ.

ಇನ್ನೊಂದು ಅಳತೆ ಸಿಆರ್‌ಐ. ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ ಅಂಕ, ಗರಿಷ್ಠ 100. ಬೀರುವಿನ ಹತ್ತಿರ, ಕನ್ನಡಿಯ ಹತ್ತಿರ 90 ಅಥವಾ ಅದಕ್ಕಿಂತ ಮೇಲಿನದು ಹಾಕಿ. ಕಪ್ಪು ಮತ್ತು ಕಡುನೀಲಿ ಸಾಕ್ಸ್ ಬೆರೆಸಿಕೊಂಡು ಹೊರಡುವುದು ತಪ್ಪುತ್ತದೆ.

ಸೀಲಿಂಗ್ ಮಧ್ಯೆ ಒಂದು ಲೈಟ್ ಇದೆಯಲ್ಲ, ಸಾಕಾಗಲ್ವಾ?

ಗುಡಿಸಲು, ಹುಡುಕಲು ಸಾಕು. ವಿಶ್ರಾಂತಿಗೆ ಸಾಲದು. ಮೇಲಿನಿಂದ ಬೀಳುವ ಒಂದೇ ಬೆಳಕು ಕಣ್ಣಿನ ಕೆಳಗೆ ನೆರಳು ಬೀಳಿಸುತ್ತದೆ, ಗೋಡೆಯನ್ನು ಚಪ್ಪಟೆ ಮಾಡುತ್ತದೆ. ಬೆಳಕನ್ನು ಕೆಳಗೆ ತನ್ನಿ. ಮಂಚದ ಎರಡೂ ಕಡೆ ಒಂದೊಂದು, ಒಂದು ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿದ ಒಂದು ದೀಪ. ಪಕ್ಕದ ದೀಪದ ಎತ್ತರಕ್ಕೆ ಸುಲಭ ಪರೀಕ್ಷೆ ಇದೆ. ಹಾಸಿಗೆಯ ಮೇಲೆ ಒರಗಿ ಕೂತು ಪುಸ್ತಕ ಹಿಡಿಯಿರಿ. ಶೇಡ್‌ನ ಕೆಳ ಅಂಚು ನಿಮ್ಮ ಕಣ್ಣಿನ ಮಟ್ಟಕ್ಕೆ ಬರಬೇಕು. ಮೇಲಿದ್ದರೆ ಬಲ್ಬು ಕಣ್ಣಿಗೆ ಚುಚ್ಚುತ್ತದೆ, ತೀರಾ ಕೆಳಗಿದ್ದರೆ ಪುಟದ ಮೇಲೆ ಬೆಳಕು ಬೀಳುವುದಿಲ್ಲ. ಓದಲು 400-500 ಲುಮೆನ್ (ಬಲ್ಬು ಎಷ್ಟು ಬೆಳಕು ಕೊಡುತ್ತದೆ ಎಂಬ ಅಳತೆ) ಸಾಕು. ಸ್ವಿಚ್ ಮಾತ್ರ ಮಲಗಿದಲ್ಲಿಂದಲೇ ಕೈಗೆ ಸಿಗಬೇಕು. ಏಳಬೇಕಾದ ದೀಪವನ್ನು ಯಾರೂ ಬಳಸುವುದಿಲ್ಲ.

ಬೆಳಕು ಜಾಸ್ತಿ ಕಮ್ಮಿ ಮಾಡೋ ಡಿಮ್ಮರ್ ಹಾಕಿಸಿದ್ಮೇಲೆ ಎಲ್‌ಇಡಿ ಮಿಣಮಿಣ ಅನ್ನುತ್ತೆ. ಬಲ್ಬ್ ಕೆಟ್ಟಿದೆಯಾ?

ಬಲ್ಬು ಕೆಟ್ಟಿರಲಿಕ್ಕಿಲ್ಲ. ಎರಡು ಕಾರಣ ಇರಬಹುದು. ಒಂದು, ಬಲ್ಬಿನ ಡಬ್ಬಿಯ ಮೇಲೆ ‘ಡಿಮ್ಮೆಬಲ್’ ಎಂದು ಬರೆದಿರಬೇಕು, ಸಾಮಾನ್ಯ ಎಲ್‌ಇಡಿ ಇದಕ್ಕೆ ಆಗುವುದಿಲ್ಲ. ಎರಡು, ಹಳೇ ಡಿಮ್ಮರ್‌ಗಳು ಜಾಸ್ತಿ ವ್ಯಾಟ್‌ನ ಫಿಲಮೆಂಟ್ ಬಲ್ಬಿಗೆ ಮಾಡಿದಂಥವು. 7 ವ್ಯಾಟ್‌ನ ಒಂದು ಎಲ್‌ಇಡಿ ಅವುಗಳ ಕನಿಷ್ಠ ಲೋಡ್ ಕೂಡ ಮುಟ್ಟುವುದಿಲ್ಲ. ಎಲ್‌ಇಡಿಗೆಂದೇ ಮಾಡಿದ ಡಿಮ್ಮರ್ ಹಾಕಿಸಿ. ಈ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

## ಪರದೆ, ಬೆಡ್‌ಶೀಟ್, ರಗ್

ಪರದೆ ಒಳ್ಳೇ ಬಟ್ಟೇದೇ ಹಾಕಿದೀವಿ. ಆದ್ರೂ ಬಡಕಲಾಗಿ ಕಾಣುತ್ತೆ.

ಬಟ್ಟೆ ಸಾಲದಾಗಿರುತ್ತದೆ. ಪರದೆಯ ಒಟ್ಟು ಅಗಲ ರಾಡ್‌ನ ಉದ್ದದ ಎರಡರಿಂದ ಎರಡೂವರೆ ಪಟ್ಟು ಇರಬೇಕು. ಆಗ ಎಳೆದಾಗಲೂ ನೆರಿಗೆ ಉಳಿಯುತ್ತದೆ. ರಾಡ್ ಅನ್ನು ಕಿಟಕಿ ಚೌಕಟ್ಟಿನ ನೆತ್ತಿಗೇ ಹೊಡೆಯಬೇಡಿ. 10-15 ಸೆಂ.ಮೀ. ಮೇಲೆ, ಎರಡೂ ಬದಿ 15-20 ಸೆಂ.ಮೀ. ಆಚೆಗೆ ಹೋಗಲಿ. ಪರದೆ ಸರಿಸಿದಾಗ ಗಾಜು ಪೂರ್ತಿ ಬಿಟ್ಟುಕೊಡುತ್ತದೆ, ಕಿಟಕಿಯೇ ದೊಡ್ಡದಾದ ಹಾಗೆ. ಉದ್ದ ನೆಲಕ್ಕಿಂತ 1 ಸೆಂ.ಮೀ. ಮೇಲೆ ನಿಲ್ಲಲಿ. ಕಿಟಕಿಯ ಅರ್ಧಕ್ಕೆ ನಿಂತ ಪರದೆ ಮೊಟಕಾದ ಪ್ಯಾಂಟಿನ ಹಾಗೆ ಕಾಣುತ್ತದೆ. ಹತ್ತಿ, ಲಿನನ್ ಬಟ್ಟೆ ಕುಗ್ಗುತ್ತದೆ. ಹೊಲಿಸುವ ಮುಂಚೆ ಒಮ್ಮೆ ಒಗೆದು ಕೊಡಿ.

ಬೆಡ್‌ಶೀಟಿಗೆ ಥ್ರೆಡ್ ಕೌಂಟ್ ಜಾಸ್ತಿ ಇದ್ದಷ್ಟೂ ಒಳ್ಳೇದಾ?

ಒಂದು ಮಟ್ಟದವರೆಗೆ ಮಾತ್ರ. ಒಂದು ಚದರ ಇಂಚಿನಲ್ಲಿ ಉದ್ದ ಮತ್ತು ಅಡ್ಡ ಎಷ್ಟು ಎಳೆ ಇವೆ ಎಂಬುದೇ ಥ್ರೆಡ್ ಕೌಂಟ್. ಒಂದು ಇಂಚಿನಲ್ಲಿ ಕೂರುವ ಎಳೆಗೆ ಮಿತಿ ಇದೆ. 1000 ಎಂದು ಬರೆದಿದ್ದರೆ ಎರಡು ಮೂರು ತೆಳು ಎಳೆ ಹೊಸೆದು ಪ್ರತಿಯೊಂದನ್ನೂ ಎಣಿಸಿರುವ ಸಾಧ್ಯತೆಯೇ ಹೆಚ್ಚು. ಅಂಥ ಬಟ್ಟೆ ಭಾರ, ಗಾಳಿ ಆಡುವುದಿಲ್ಲ. 200ರಿಂದ 400ರ ಒಳಗೆ, ಉದ್ದ ನಾರಿನ ಹತ್ತಿಯದು ನೋಡಿ.

ನೇಯ್ಗೆ ಇದಕ್ಕಿಂತ ಮುಖ್ಯ. ಪರ್ಕೇಲ್ ಎಂದರೆ ಒಂದು ಎಳೆ ಮೇಲೆ, ಒಂದು ಕೆಳಗೆ. ಗರಿಗರಿ, ತಂಪು. ಸೆಕೆ ತಡೆಯದವರಿಗೆ ಇದೇ ಸರಿ. ಸ್ಯಾಟೀನ್‌ನಲ್ಲಿ ಒಂದು ಎಳೆ ಮೂರ್ನಾಲ್ಕು ಎಳೆ ದಾಟಿ ಹೋಗುತ್ತದೆ. ನುಣುಪು, ಹೊಳಪು, ಮೈಮೇಲೆ ಜಾರುವ ಹಾಗೆ ಬೀಳುತ್ತದೆ. ಆದರೆ ಉಗುರು ತಾಗಿದರೆ ಎಳೆ ಬೇಗ ಎದ್ದುಬರುತ್ತದೆ. ಅಂಗಡಿಯಲ್ಲಿ ಕೈಬೆರಳಿಗಿಂತ ಮುಂಗೈ ಮೇಲೆ ಸವರಿ ನೋಡಿ, ಅಲ್ಲಿನ ಚರ್ಮಕ್ಕೆ ಬೇಗ ಗೊತ್ತಾಗುತ್ತದೆ.

ಮಂಚದ ಕೆಳಗೆ ರಗ್ ಹಾಕೋದಾದ್ರೆ ಎಷ್ಟು ದೊಡ್ಡದು ಬೇಕು?

ಬೆಳಿಗ್ಗೆ ಕಾಲು ಇಳಿಸಿದಾಗ ಎರಡೂ ಪಾದ ಅದರ ಮೇಲೆ ಬೀಳಬೇಕು. ಅಂದರೆ ಮಂಚದಿಂದ ಎರಡೂ ಕಡೆ 45-60 ಸೆಂ.ಮೀ. ಹೊರಗೆ ಬರಬೇಕು. ಸುಮಾರು 5 ಅಡಿ ಅಗಲದ ಮಂಚಕ್ಕೆ 8×10 ಅಡಿಯ ರಗ್ ಹೊಂದುತ್ತದೆ. ಅಷ್ಟು ದೊಡ್ಡದು ಕೈಗೆ ಎಟುಕದಿದ್ದರೆ ಚಿಕ್ಕದೊಂದನ್ನು ಮಧ್ಯೆ ಹಾಸಬೇಡಿ. ಎರಡೂ ಬದಿಗೆ ಒಂದೊಂದು ಉದ್ದ ಪಟ್ಟಿ ಹಾಕಿ. ನುಣುಪು ನೆಲವಾದರೆ ಕೆಳಗೆ ಜಾರದ ಮ್ಯಾಟ್ ಇರಲೇಬೇಕು, ಮುಖ್ಯವಾಗಿ ವಯಸ್ಸಾದವರಿರುವ ಮನೆಯಲ್ಲಿ.

ದಿಂಬು ಎಷ್ಟಿರಬೇಕು?

ತಲೆಗೆ ಬೇಕಾದಷ್ಟು, ಅಂದಕ್ಕೆ ಎರಡು. ರಾತ್ರಿ ಅವನ್ನು ಎಲ್ಲಿ ಇಡುತ್ತೀರಿ ಎಂದು ಗೊತ್ತಿದ್ದರೆ ಮೂರನೆಯದನ್ನು ಕೊಳ್ಳಿ.

## ಗೋಡೆ, ಗಿಡ, ಇಡೀ ಮನೆ

ಚಿತ್ರ ಎಷ್ಟು ಎತ್ತರದಲ್ಲಿ ನೇತುಹಾಕಬೇಕು?

ಬಹಳ ಜನ ತೀರಾ ಮೇಲೆ ಹಾಕುತ್ತಾರೆ. ಖಾಲಿ ಗೋಡೆಯಾದರೆ ಚಿತ್ರದ ನಡುಭಾಗ ನೆಲದಿಂದ ಸುಮಾರು 145-150 ಸೆಂ.ಮೀ. ಎತ್ತರಕ್ಕೆ ಬರಲಿ. ಹೆಡ್‌ಬೋರ್ಡ್ ಮೇಲಾದರೆ ಆ ಲೆಕ್ಕ ಬಿಡಿ, ಎರಡರ ನಡುವೆ 15-20 ಸೆಂ.ಮೀ. ಅಂತರ ಸಾಕು. ಚಿತ್ರದ ಅಗಲ ಮಂಚದ ಅಗಲದ ಮೂರರಲ್ಲಿ ಎರಡು ಪಾಲು ಇದ್ದರೆ ಹೊಂದುತ್ತದೆ. ಹಲವು ಚಿತ್ರಗಳಾದರೆ ಪೇಪರ್ ಕತ್ತರಿಸಿ ಟೇಪಿನಿಂದ ಗೋಡೆಗೆ ಅಂಟಿಸಿ ನೋಡಿ, ಆಮೇಲೆ ಮೊಳೆ ಹೊಡೆಯಿರಿ. ತಲೆಯ ಮೇಲೆ ಭಾರದ ಗಾಜಿನ ಫ್ರೇಮ್ ಬೇಡ. ಅಲ್ಲಿ ಬಟ್ಟೆಯ ಕಲಾಕೃತಿ ಅಥವಾ ಹಗುರ ಫ್ರೇಮ್ ಒಳ್ಳೆಯದು.

ಬಾಡಿಗೆ ಮನೆ. ಮೊಳೆ ಹೊಡೆಯೋ ಹಾಗಿಲ್ಲ, ಬಣ್ಣ ಹಚ್ಚೋ ಹಾಗಿಲ್ಲ.

ಹೋಗುವಾಗ ಜೊತೆಗೆ ಬರುವುದಕ್ಕೆ ಖರ್ಚು ಮಾಡಿ: ದೀಪ, ರಗ್, ಪರದೆ, ಹೊದಿಕೆ. ಎತ್ತರದ ಹೆಡ್‌ಬೋರ್ಡ್ ಒಂದಿದ್ದರೆ ಇಷ್ಟವಿಲ್ಲದ ಗೋಡೆ ಅರ್ಧ ಮುಚ್ಚಿಹೋಗುತ್ತದೆ. ಅಂಟುವ ಕೊಕ್ಕೆ ಬಳಸುವುದಾದರೆ ಡಬ್ಬಿಯಲ್ಲಿ ಬರೆದ ತೂಕ ಮೀರಬೇಡಿ. ಗೋಡೆಯನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಅಂಟಿಸಿ, ಒಂದು ಗಂಟೆ ಬಿಟ್ಟು ಸಾಮಾನು ನೇತುಹಾಕಿ. ಹೊಸದಾಗಿ ಬಣ್ಣ ಬಳಿದ ಗೋಡೆಯಾದರೆ ಒಂದು ವಾರವಾದರೂ ಕಾಯಬೇಕು. ತೆಗೆಯುವಾಗ ಪಟ್ಟಿಯನ್ನು ನಿಮ್ಮ ಕಡೆಗೆ ಎಳೆಯದೆ ಗೋಡೆಗುಂಟ ನೇರ ಕೆಳಗೆ ನಿಧಾನ ಎಳೆಯಿರಿ, ಬಣ್ಣ ಕಿತ್ತು ಬರುವುದಿಲ್ಲ.

ಬೆಡ್‌ರೂಮಲ್ಲಿ ಗಿಡ ಇಟ್ರೆ ಗಾಳಿ ಶುದ್ಧ ಆಗುತ್ತಂತೆ, ನಿಜಾನಾ?

ಈ ಮಾತು ಹಬ್ಬಿದ್ದು 1989ರ ನಾಸಾ ಅಧ್ಯಯನದಿಂದ. ಆದರೆ ಅದು ಗಾಳಿ ಒಳಬರದಂತೆ ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ ಮಾಡಿದ್ದು. ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2019ರ ವಿಮರ್ಶೆಯ ಪ್ರಕಾರ, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸ ಮಾಡಲು ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಕಿಟಕಿ ತೆರೆಯುವುದೇ ಸುಲಭ. ರಾತ್ರಿ ಗಿಡ ಆಮ್ಲಜನಕ ಕಸಿಯುತ್ತದೆ ಎಂಬ ಭಯವೂ ಬೇಡ, ಒಂದೆರಡು ಕುಂಡದಿಂದ ಆಗುವ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಎದ್ದ ತಕ್ಷಣ ಹಸಿರು ಕಾಣಲಿ ಎಂದು ಇಡಿ, ಅಷ್ಟು ಕಾರಣ ಸಾಕು. ಬೆಳಕು ಕಮ್ಮಿ ಇದ್ದರೆ ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಬದುಕುತ್ತವೆ.

ರೂಮಲ್ಲಿ ಮಾತಾಡಿದ್ರೆ ದನಿ ಗುಂಯ್ ಅನ್ನುತ್ತೆ.

ಮೆತ್ತನೆ ಸಾಮಾನು ಸಾಲದು. ಟೈಲ್ಸ್, ಗಾಜು, ಬೋಳು ಗೋಡೆ ಎಲ್ಲವೂ ದನಿಯನ್ನು ಹಿಂದಕ್ಕೆ ಎಸೆಯುತ್ತವೆ. ದಪ್ಪ ಪರದೆ, ರಗ್, ಬಟ್ಟೆ ಹೊದಿಸಿದ ಹೆಡ್‌ಬೋರ್ಡ್, ಪುಸ್ತಕ ತುಂಬಿದ ಶೆಲ್ಫ್ ಅದನ್ನು ಹೀರುತ್ತವೆ. ಒಂದೊಂದು ಹಾಕಿದ ಮೇಲೂ ಚಪ್ಪಾಳೆ ತಟ್ಟಿ ಕೇಳಿ.

ಹಳೇ ತೇಗದ ಬೀರು ಇದೆ, ಹೊಸ ಮಂಚ ತಿಳಿ ಬಣ್ಣದ್ದು. ಹೊಂದುತ್ತಾ?

ಹೊಂದುತ್ತದೆ. ಎಲ್ಲ ಮರವೂ ಒಂದೇ ಬಣ್ಣ ಇರಬೇಕಿಲ್ಲ. ಆದರೆ ಪ್ರತಿ ಬಣ್ಣವೂ ಕೋಣೆಯಲ್ಲಿ ಎರಡು ಕಡೆಯಾದರೂ ಕಾಣಬೇಕು. ತೇಗದ ಬೀರುವಿಗೆ ಜೊತೆಯಾಗಿ ಅದೇ ಬಣ್ಣದ ಒಂದು ಫೋಟೋ ಫ್ರೇಮ್ ಅಥವಾ ಸ್ಟೂಲ್ ಮಂಚದ ಹತ್ತಿರ ಇಡಿ. ಆಗ ಬೀರು ಒಂಟಿಯಾಗಿ ಕಾಣುವುದಿಲ್ಲ. ಅದಕ್ಕೆ ಬಣ್ಣ ಬಳಿಯುವ ಆಲೋಚನೆ ಮಾತ್ರ ದಯವಿಟ್ಟು ಬಿಡಿ.

ನನಗೆ ಸರಳ ಇಷ್ಟ, ಮನೆಯವರಿಗೆ ಬಣ್ಣ ಬಣ್ಣ ಬೇಕು. ದಿನಾ ಇದೇ ಜಗಳ.

ಇಷ್ಟದ ಪಟ್ಟಿ ಬಿಟ್ಟು, ಸಹಿಸಲಾಗದ್ದರ ಪಟ್ಟಿ ಮಾಡಿ. ಇಬ್ಬರೂ ಬೇರೆ ಬೇರೆ ಬರೆಯಿರಿ. ಆ ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಿರುತ್ತದೆ, ಉಳಿದದ್ದರಲ್ಲಿ ಆಯ್ಕೆ ಬೇಕಾದಷ್ಟು ಸಿಗುತ್ತದೆ. ಗೋಡೆ ಶಾಂತವಾಗಿರಲಿ, ಬಣ್ಣ ಬಟ್ಟೆಯಲ್ಲಿ ಬರಲಿ. ಮಂಚದ ಪಕ್ಕದ ಮೇಜು ಅವರವರಿಗೇ ಸೇರಿದ್ದು, ಅಲ್ಲಿ ಇನ್ನೊಬ್ಬರು ಕೈ ಹಾಕಬಾರದು.

ಇಡೀ ಮನೆ ಒಂದೇ ಥರ ಇರಬೇಕಾ?

ಬೇಡ. ಒಂದೆರಡು ವಿಷಯ ಮಾತ್ರ ಎಲ್ಲ ಕಡೆ ಹರಿದುಬರಲಿ: ಬಲ್ಬಿನ ಬೆಳಕಿನ ಬಣ್ಣ, ಬಾಗಿಲುಗಳ ಬಣ್ಣ, ಹಿಡಿಕೆಗಳ ಲೋಹ. ಒಂದು ಕೋಣೆಯಲ್ಲಿ ನಿಂತು ತೆರೆದ ಬಾಗಿಲಿನಿಂದ ಪಕ್ಕದ ಕೋಣೆ ನೋಡಿ. ಆ ಚೌಕಟ್ಟಿನೊಳಗೆ ಕಾಣುವ ಎರಡು ಬಣ್ಣ ಒಟ್ಟಿಗೆ ಇರಬಲ್ಲವು ಎಂದರೆ ಸಾಕು.

ಎಲ್ಲಾ ಮಾಡಿದ್ಮೇಲೂ ಏನೋ ಸರಿ ಇಲ್ಲ ಅನ್ಸುತ್ತೆ. ಏನು ಅಂತ ಗೊತ್ತಾಗ್ತಿಲ್ಲ.

ಫೋನಿನಲ್ಲಿ ಕೋಣೆಯ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ. ಎಲ್ಲವೂ ಒಂದೇ ಬೂದು ಬಣ್ಣಕ್ಕೆ ಬಂದರೆ ಕೋಣೆಯಲ್ಲಿ ಗಾಢವಾದದ್ದು ಏನೂ ಇಲ್ಲ ಎಂದರ್ಥ. ಒಂದು ಕಪ್ಪು ಫ್ರೇಮ್, ಕಡು ಬಣ್ಣದ ಒಂದು ಹೊದಿಕೆ ತಂದು ನೋಡಿ. ಬದಲಿಗೆ ಕಪ್ಪು ಬಿಳಿ ತುಣುಕುಗಳೇ ಚೆಲ್ಲಾಪಿಲ್ಲಿ ಕಂಡರೆ ಸಾಮಾನು ಜಾಸ್ತಿಯಾಗಿದೆ. ಮೇಜು, ಕಿಟಕಿ ಕಟ್ಟೆ, ಶೆಲ್ಫ್ ಮೇಲಿನ ಎಲ್ಲವನ್ನೂ ಒಂದು ಬುಟ್ಟಿಗೆ ತುಂಬಿ ಪಕ್ಕದ ಕೋಣೆಯಲ್ಲಿಡಿ. ಎರಡು ರಾತ್ರಿ ಹಾಗೇ ಮಲಗಿ. ಮೂರನೇ ದಿನ, ನೀವಾಗಿಯೇ ಹುಡುಕಿಕೊಂಡು ಹೋದದ್ದನ್ನು ಮಾತ್ರ ವಾಪಸ್ ತನ್ನಿ.